ಆರಿದ್ರಿ ಮಳಿಯಾಗ

ಹಿರೇಕೆರೂರು ಡಿಪೋದಾಗ ಇಪ್ಪತ್ತಾರು ವರ್ಷ
ಟಿಕೀಟು ಹರದ ಕೈ ಇದು.
ಈಗ ದಾರ ಹಿಡಕೊಂಡು ಕೂಡತೈತಿ
ಮಾಸೂರಿನ ಆಚೆ, ಎರಡು ಗುಡ್ಡ ಒಂದಕ್ಕೊಂದು
ಹೆಗಲು ಕೊಡೂ ಜಾಗದಾಗ, ಕೆರಿ ತೂಬಿನ ಕಲ್ಲಮ್ಯಾಲ.

ಕಲಿಸಿದಾಂವ ಗುಡ್ಡಪ್ಪ ಸುಣಗಾರ.
ಅವನ ಮನ್ಯಾಗ ಕ್ಯಾಲೆಂಡರ್ ಇಲ್ಲ. ಕೇಳಿದರ
"ತಿಂಗಳು ಪಗಾರದವರಿಗೆ. ಮೀನಿಗೆ ಮಳಿ."
ರೋಣಿ ಬಿದ್ದರ ಕೆಸರೊಡದು ಕುಚ್ಚು ಮೀನು ಏಳತಾವ,
ಮಿರಗಕ್ಕ ಹಳ್ಳದ ಬಾಯಿಗೆ ಎದುರೇರತಾವ,
ಮಗಿಗೆ ನೀರು ಚಾದ ಬಣ್ಣ, ಗಾಳ ಕಾಣೂದಿಲ್ಲ, ಎರೆಹುಳ ಸಾಕು,
ಹಸ್ತಿಗೆ ನೀರು ತಿಳಿ, ಅವಾಗ ಜೀವಂತ ಕಪ್ಪಿನ ಬೇಕು,
ಸ್ವಾತಿ ಮುಗದಮ್ಯಾಲ ಬಿಸಲು ಕಾಸಾಕ ಬರತಾವ
ದಂಡಿಗೆ, ಮುದುಕರಂಗ, ಹನ್ನೊಂದು ಹೊಡದಮ್ಯಾಲ.
ಇಷ್ಟೂ ಹೇಳಿ, ಬೀಡಿ ಹಚ್ಚಿ, ಒಂದು ಮಳಿ ಬಿಟ್ಟ.
ಆರಿದ್ರಿ ಯಾಕ ಬಿಟ್ಟಿ ಅಂದೆ.
"ಅವಾಗ ನಾ ಮನ್ಯಾಗ ಕುಂತು ಬಲಿ ಹೊಲಿತೇನಿ."
ಅಷ್ಟ.

ನಾನು ಕಂಡಕ್ಟರ್. ಬಿಟ್ಟ ಸ್ಟಾಪಿನಾಗ
ಯಾರು ನಿಂತಾರ ಅಂತ ಹಣಕಿ ನೋಡೂ ಚಾಳಿ
ನಿವೃತ್ತಿ ಆದರೂ ಹೋಗಿರಲಿಲ್ಲ.

ಒಬ್ಬನ ಹೋದೆ. ಜಿಟಿಜಿಟಿ. ಗುಡ್ಡದ ನೆತ್ತಿ ಕಾಣವಲ್ದು.
ಆಪಿನ ಬದಿಗೆ, ಮೊಣಕಾಲುದ್ದ ನೀರಿನಾಗ
ಒಂದು ಕೆಂಪು ಚಂಡು ಕುದಿಯಾಕ ಹತ್ತಿತ್ತು:
ಬ್ಯಾಡಗಿ ಮೆಣಸಿನಕಾಯಿ ಬಣ್ಣದ ಮರಿ, ಜೀರಗಿಯಷ್ಟು,
ಸಾವಿರ ಇದ್ದಾವು, ಎಲ್ಲಾ ಒಮ್ಮಿಗೇ ಮ್ಯಾಲ ಬಂದು
ಗಾಳಿ ಕುಡದು ಒಮ್ಮಿಗೇ ಇಳೀತಿದ್ದವು.
ಕೆಳಗ ಒಂದು ಕರಿ ನೆರಳು.
ಅಲುಗಾಡಲಿಲ್ಲ.

ಕಪ್ಪಿ ಒಗದೆ, ಚಂಡಿನ ನಡುವ.

ತಿನ್ನೂ ಮೀನು ಹೆಂಗ ಹಿಡಿತೈತಿ ನನಗ ಗೊತ್ತು:
ಮೊದಲು ಮುಟ್ಟತೈತಿ, ಒಯ್ಯತೈತಿ, ಆಮ್ಯಾಲ ನುಂಗತೈತಿ.
ಇದು ಹಂಗ ಹಿಡೀಲಿಲ್ಲ.
ಬಾಗಲಾಗ ನಿಂತು ಕೈ ಎತ್ತಿದವರಂಗ ಬಂತು.
ಬಿದರಿನ ಕೋಲು ಬಿಲ್ಲಾತು.
ಎರಡೂವರಿ ಕಿಲೋ. ಗಂಡೋ ಹೆಣ್ಣೋ ನೋಡಲಿಲ್ಲ,
ಹೊನ್ನವ್ವ ಹುಣಸಿಹಣ್ಣು ನೆನಿ ಇಟ್ಟಿದ್ದಳು.
ಸಾರು ಚಲೋ ಆಗಿತ್ತು. ಸುಳ್ಳು ಯಾಕ ಹೇಳಲಿ.

ಮರುದಿನ ಅದ ಜಾಗಕ್ಕ ಹೋದೆ, ಮರುಕಕ್ಕಲ್ಲ,
ಇನ್ನೊಂದು ಸಿಕ್ಕೀತು ಅಂತ.
ಚಂಡು ಒಡದಿತ್ತು.
ಎರಡು ಹಿಡಿ ಅಲ್ಲಿ, ಒಂದು ಹಿಡಿ ಇಲ್ಲಿ.
ಜಿಲೇಬಿ ಮೀನು ಪಂಕ್ತಿಗೆ ಕುಂತಂಗ ಕುಂತಿದ್ದವು,
ಮಿಂಚುಳ್ಳಿ ಬಿದ್ದು ಎದ್ದು ಮತ್ತ ಬೀಳತಿತ್ತು.
ಉಳದ ಇನ್ನೊಂದು ದೊಡ್ಡದು, ಜೋಡಿ ಇರಬೇಕು,
ಈ ಹಿಡಿಯಿಂದ ಆ ಹಿಡಿಗೆ ಓಡತಿತ್ತು,
ಸಂತಿ ದಿನದ ಬಸ್ಸಿನಾಗ ಒಬ್ಬನ ಕಂಡಕ್ಟರ್
ಮುಂದಿನ ಬಾಗಲಿಗೂ ಹಿಂದಿನ ಬಾಗಲಿಗೂ ಓಡಿದಂಗ.
ಗಾಳ ಬಿಚ್ಚದನ ಕೋಲು ಮಡಚಿ ಬಂದೆ.

ಗುಡ್ಡಪ್ಪಗ ಯಾರು ಹೇಳಿದರೋ.
ಮಗಿ ಕಳೀತು, ಹುಬ್ಬಿ, ಉತ್ತರಿ ಕಳದವು,
ಚಾದಂಗಡ್ಯಾಗ ಎದುರಿಗೆ ಕುಂತರೂ ಮಾತಿಲ್ಲ.
ಹಸ್ತಿಯ ಮೊದಲ ದಿನ ನಸಿಕಿನ್ಯಾಗ
ಕೋಲು ಹೆಗಲಿಗಿಟ್ಟು ನಮ್ಮ ಕಟ್ಟಿ ಮುಂದ ನಿಂತ:
"ಹಸದ ಮೀನು ನಿಂದು. ಸಿಟ್ಟಿಗೆದ್ದ ಮೀನು ನಿಂದಲ್ಲ.
ನಡಿ, ಕಪ್ಪಿ ಹಿಡಕೊಂಡು ಬಂದೇನಿ."

ಅದಾಗಿ ಒಂಬತ್ತು ಮಳಿಗಾಲ.
ಈಗ ವಿಶಾಖಿ. ಗುಡ್ಡದಿಂದ ಮಂಜು ಇಳದು
ನೀರಿನಮ್ಯಾಲ ಕುಂತೈತಿ, ಏಳವಲ್ದು.
ಗುಡ್ಡಪ್ಪನ ಕಣ್ಣು ಮಂದ, ಗಾಳಕ್ಕ ದಾರ ನಾನ ಕಟ್ಟಿ ಕೊಡತೇನಿ.
ಬೆಳಗಿನಿಂದ ಇಬ್ಬರಿಗೂ ಒಂದೂ ಮುಟ್ಟಿಲ್ಲ.
ದೂರದಾಗ ಯಾವುದೋ ಕುಚ್ಚು ಮ್ಯಾಲೆದ್ದು
ಗುಳಕ್ ಅಂತ ಗಾಳಿ ಕುಡದು ಹೋತು.
"ಆರಿದ್ರಿ ಮರಿ ಅದು," ಸಪ್ಪಳ ಕೇಳೇ ಹೇಳಿದ ಗುಡ್ಡಪ್ಪ,
"ಈಗ ಮೈ ತುಂಬೈತಿ."
ಯಾವ ವರ್ಷದ್ದು ಅಂತ ಕೇಳಿದೆ.

ಬೀಡಿ ಆರಿತ್ತು ಅವಂದು.
ಕಡ್ಡಿಪೆಟಗಿಗೆ ಕೈ ಚಾಚಿದ.